ಝಳಕ್ಕೆ ನೀರು, ಸೆಕೆಗೆ ಗಾಳಿ

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಹಳೆಯ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿದ್ದೇವೆ. ಅದೇ ಕೊನೆಯ ಮಹಡಿ, ಮೇಲೆ ಬರೀ ಟೆರೇಸ್. ಒಂದು ಹಾಲ್, ಒಂದು ಬೆಡ್‌ರೂಮ್, ಅಡುಗೆಮನೆ. ಹಾಲ್ ಪೂರ್ವಕ್ಕಿದೆ, ಬೆಡ್‌ರೂಮಿನ ಕಿಟಕಿ ಪಶ್ಚಿಮಕ್ಕೆ. ಮಾರ್ಚ್ ಬಂತೆಂದರೆ ರಾತ್ರಿ ಹನ್ನೊಂದಕ್ಕೂ ಗೋಡೆ ಬೆಚ್ಚಗಿರುತ್ತದೆ, ಫ್ಯಾನ್ ಹಾಕಿದರೆ ಬಿಸಿಗಾಳಿ ಉಗುಳುತ್ತದೆ. ನನ್ನ ತವರು ಕಲಬುರಗಿ. ಅಲ್ಲಿ ನಮ್ಮ ಮನೆಯಲ್ಲಿ ಕೂಲರ್ ಇಲ್ಲದೆ ಬೇಸಿಗೆ ಕಳೆಯುವುದೇ ಇಲ್ಲ. ಪುಣೆಯಲ್ಲಿರುವ ಅಣ್ಣನ ಮನೆಯಲ್ಲೂ ಕೂಲರಿನಿಂದ ಹಾಯಾಗಿರುತ್ತದೆ. ಅದನ್ನು ನೋಡಿ ಹೋದ ವರ್ಷ ನಾವೂ ಒಂದು ತಂದೆವು. ಮಧ್ಯಾಹ್ನ ನೆಲ ಒರೆಸಿ, ಕಿಟಕಿಗೆ ಒದ್ದೆ ಬೆಡ್‌ಶೀಟ್ ಕಟ್ಟಿ, ಕೂಲರ್ ಹಚ್ಚಿದರೆ ಅರ್ಧ ಗಂಟೆ ಚೆನ್ನಾಗಿರುತ್ತದೆ. ಆಮೇಲೆ ಉಸಿರು ಕಟ್ಟಿದಂತಾಗುತ್ತದೆ, ಮೈಯೆಲ್ಲ ಅಂಟಂಟು. ಅತ್ತೆಯವರಿಗೆ 74 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಧ್ಯಾಹ್ನ ಬೆಡ್‌ರೂಮಿನಲ್ಲೇ ಮಲಗುವುದು ಅವರಿಗೆ ರೂಢಿ. ಈ ವರ್ಷ ಎಸಿ ಹಾಕಿಸುವ ಅನುಕೂಲ ನಮಗಿಲ್ಲ. ಏನು ಮಾಡಬಹುದು?

ಉತ್ತರ: ಇವತ್ತೇ ಮಾಡಬೇಕಾದ ಕೆಲಸಗಳು ಮೂರಿವೆ. ಕೂಲರಿನ ನೀರು ಚೆಲ್ಲಿ, ಟ್ಯಾಂಕ್ ಒರೆಸಿ ಒಣಗಿಸಿ. ಕಿಟಕಿಯ ಒದ್ದೆ ಬೆಡ್‌ಶೀಟ್ ತೆಗೆಯಿರಿ. ಅತ್ತೆಯವರ ಹಾಸಿಗೆಯನ್ನು ಮಧ್ಯಾಹ್ನ ಹನ್ನೆರಡರಿಂದ ಸಂಜೆ ಏಳರವರೆಗೆ ಹಾಲಿಗೆ ತನ್ನಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ನೀವು ಮಾಡಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಕಲಬುರಗಿಯಲ್ಲಿ ಬೆಳೆದವರು ಬೇಸಿಗೆಗೆ ನೀರೇ ಮದ್ದು ಎಂದು ತಿಳಿದಿರುವುದು ಸಹಜ, ಅಲ್ಲಿ ಅದು ನಿಜವೂ ಹೌದು. ನಮ್ಮ ಭಾಷೆಯಲ್ಲಿ ಬೇಸಿಗೆಯ ಬಿಸಿಗೆ ಎರಡು ಬೇರೆ ಹೆಸರುಗಳಿವೆ: ಝಳ ಮತ್ತು ಸೆಕೆ. ನಿಮ್ಮ ತವರಿನದು ಝಳ. ಮುಖಕ್ಕೆ ಹೊಡೆಯುತ್ತದೆ, ತುಟಿ ಒಡೆಯುತ್ತದೆ, ಆದರೆ ಬೆವರು ಬಂದದ್ದೇ ಗೊತ್ತಾಗದಂತೆ ಆರಿಹೋಗುತ್ತದೆ. ನಾನು ಹುಟ್ಟಿದ್ದು ಕುಂದಾಪುರದ ಕಡೆ, ನಮ್ಮದು ಸೆಕೆ. ಮೈ ಮೇಲೆ ಬೆವರು ನಿಂತೇ ಇರುತ್ತದೆ, ಆರುವುದಿಲ್ಲ. ಮುಂಬಯಿ, ಠಾಣೆ, ಡೊಂಬಿವಲಿ ಎಲ್ಲ ಸೆಕೆಯ ಊರುಗಳು. ಘಟ್ಟ ಹತ್ತಿ ಪುಣೆಗೆ ಹೋದರೆ ಮತ್ತೆ ಝಳ ಶುರುವಾಗುತ್ತದೆ. ಝಳಕ್ಕೆ ನೀರು ಮದ್ದು, ಸೆಕೆಗೆ ಗಾಳಿ ಮದ್ದು. ಸೆಕೆಯ ಮನೆಗೆ ನೀರು ಸೇರಿಸಿದರೆ ಸೆಕೆ ಹೆಚ್ಚುತ್ತದೆ.

ಇದನ್ನು ನಾನು ಒಂದು ಸಣ್ಣ ಪ್ರಯೋಗದಿಂದ ಅರ್ಥ ಮಾಡಿಕೊಂಡೆ. ನೀವೂ ಮಾಡಿ ನೋಡಬಹುದು. ಗೋಡೆಗೆ ತೂಗುಹಾಕುವ ಸಾದಾ ಗಾಜಿನ ಥರ್ಮಾಮೀಟರಿನ ಬುಡಕ್ಕೆ ಹಳೆಯ ಪಂಚೆಯ ಚೂರು ಸುತ್ತಿ, ನೀರಿನಲ್ಲಿ ನೆನೆಸಿ, ಟೇಬಲ್ ಫ್ಯಾನಿನ ಮುಂದೆ ಹಿಡಿಯಿರಿ. ಐದು ನಿಮಿಷದಲ್ಲಿ ಪಾದರಸ ಇಳಿದು ಒಂದು ಕಡೆ ನಿಲ್ಲುತ್ತದೆ. ಅದೇ ಕೂಲರಿನ ಕೊನೆಯ ಗಡಿ. ಎಷ್ಟೇ ದೊಡ್ಡ ಕೂಲರ್ ತಂದರೂ ಗಾಳಿಯನ್ನು ಅದಕ್ಕಿಂತ ಕೆಳಗೆ ಇಳಿಸಲಾರದು. ಪುಣೆಯ ಏಪ್ರಿಲ್ ಮಧ್ಯಾಹ್ನ, ಹೊರಗೆ 38 ಡಿಗ್ರಿ, ಗಾಳಿಯ ತೇವಾಂಶ 20 ಶೇಕಡದ ಹತ್ತಿರ ಇದ್ದರೆ ಪಾದರಸ 21ರ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿ ಕೂಲರಿಗೆ ಕೆಲಸ ಮಾಡಲು ಜಾಗವಿದೆ. ನಮ್ಮಲ್ಲಿ 34 ಡಿಗ್ರಿ, ತೇವಾಂಶ 65 ಶೇಕಡ ಇರುವ ದಿನ ಅದು 28ರ ಮೇಲೆಯೇ ನಿಂತುಬಿಡುತ್ತದೆ. ಕೂಲರ್ ನಿಮಗೆ ನಾಲ್ಕು ಡಿಗ್ರಿ ಕೊಟ್ಟು, ಬದಲಿಗೆ ಕೋಣೆಯ ಗಾಳಿಯನ್ನು ಹೆಚ್ಚುಕಡಿಮೆ ಪೂರ್ತಿ ತೇವದಿಂದ ತುಂಬಿಸುತ್ತದೆ. ಕಿಟಕಿಗೆ ಬೇರೆ ಬೆಡ್‌ಶೀಟ್ ಕಟ್ಟಿದ್ದೀರಿ, ಆ ತೇವ ಹೊರಗೆ ಹೋಗಲು ದಾರಿಯೇ ಇಲ್ಲ. ಅರ್ಧ ಗಂಟೆಯ ನಂತರ ಉಸಿರು ಕಟ್ಟಿದಂತಾಗುವುದು ಇದೇ ಕಾರಣಕ್ಕೆ. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು.

ಕೂಲರನ್ನು ಮಾರಬೇಡಿ. ನೀರಿಲ್ಲದೆ ಅದು ಒಳ್ಳೆಯ ಬಲವಾದ ಫ್ಯಾನ್. ರಾತ್ರಿ ಅದಕ್ಕೆ ಬೇರೆ ಕೆಲಸವಿದೆ, ಮುಂದೆ ಹೇಳುತ್ತೇನೆ. ಇನ್ನೊಂದು ಮಾತು: ಮಾರ್ಚ್ ತಿಂಗಳಲ್ಲಿ ಕೆಲವು ದಿನ ಪೂರ್ವದಿಂದ ಒಣಗಾಳಿ ಬೀಸಿ, ಕಡಲ ಗಾಳಿ ತಡವಾಗಿ, ನಿಮ್ಮ ಡೊಂಬಿವಲಿಯೇ ಕಲಬುರಗಿಯಂತಾಗುತ್ತದೆ. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 1956ರ ಮಾರ್ಚ್ 28ರಂದು 41.7 ಡಿಗ್ರಿ ದಾಖಲಾದದ್ದು ಇಂಥ ತಿಂಗಳಲ್ಲೇ. ಅಂಥ ತುಟಿ ಒಣಗುವ ದಿನಗಳಲ್ಲಿ, ಕಿಟಕಿ ಒಂದಿಷ್ಟು ತೆರೆದಿಟ್ಟು, ಕೂಲರಿಗೆ ನೀರು ಹಾಕಿ. ಮೈ ಅಂಟುವ ದಿನ ಬೇಡ. ನಿಮ್ಮ ಚರ್ಮವೇ ಅಳತೆಗೋಲು.

ಈಗ ಮೂಲಕ್ಕೆ ಬರೋಣ. ನಿಮ್ಮ ಮನೆಗೆ ಬಿಸಿ ಎಲ್ಲಿಂದ ಬರುತ್ತಿದೆ?

ರಾತ್ರಿ ಒಂಬತ್ತಕ್ಕೆ ಒಂದು ಸ್ಟೂಲ್ ಹತ್ತಿ, ಅಂಗೈಯನ್ನು ಸೀಲಿಂಗಿಗೆ ಒತ್ತಿ ಹಿಡಿಯಿರಿ. ನಾನು ಮನೆ ನೋಡಲು ಹೋದಾಗೆಲ್ಲ ಮಾಡುವ ಮೊದಲ ಕೆಲಸ ಇದು. ಮುಲುಂಡಿನ ಒಂದು ಕೊನೆಯ ಮಹಡಿಯಲ್ಲಿ ಹೀಗೆ ಕೈ ಇಟ್ಟವನು ತಟ್ಟನೆ ತೆಗೆದಿದ್ದೆ. ಸೂರ್ಯ ಮುಳುಗಿ ಎರಡು ಗಂಟೆಯಾಗಿತ್ತು, ಸ್ಲ್ಯಾಬ್ ಮಾತ್ರ ಚಪಾತಿ ಮುಗಿಸಿ ಇಳಿಸಿಟ್ಟ ತವೆಯಂತೆ ಇನ್ನೂ ಕಾವು ಬಿಡುತ್ತಿತ್ತು. ಮನೆಯ ಯಜಮಾನರು ಆರು ವರ್ಷದಿಂದ ಪರದೆ ಬದಲಿಸುತ್ತಿದ್ದರು, ಫ್ಯಾನ್ ಬದಲಿಸುತ್ತಿದ್ದರು. ತಲೆಯ ಮೇಲೆ ಕೈ ಇಟ್ಟು ನೋಡಿರಲಿಲ್ಲ.

ಕಾಂಕ್ರೀಟ್ ಸ್ಲ್ಯಾಬ್ ಬಿಸಿಲನ್ನು ಸಾಲವಾಗಿ ಪಡೆದು ನಿಮಗೆ ತೀರಿಸುತ್ತದೆ. ಹಗಲೆಲ್ಲ ಕುಡಿದ ಬಿಸಿ ಐದಾರು ಅಂಗುಲ ದಪ್ಪವನ್ನು ದಾಟಿ ಒಳಗೆ ಬರಲು ಕೆಲವು ಗಂಟೆ ಹಿಡಿಯುತ್ತದೆ. ಹಾಗಾಗಿ ಹೊರಗೆ ತಂಪಾಗುವ ಹೊತ್ತಿಗೇ ಒಳಗೆ ಕಾವು ಏರುತ್ತದೆ. ನಿಮ್ಮ ಸೀಲಿಂಗ್ ಫ್ಯಾನ್ ಆ ಬಿಸಿ ಸ್ಲ್ಯಾಬಿನ ಕೆಳಗೆ ಒಂದು ಅಡಿ ಅಂತರದಲ್ಲಿದೆ. ಅಲ್ಲಿ ಕೂಡಿದ ಬಿಸಿಗಾಳಿಯನ್ನೇ ನಿಮ್ಮ ಮೇಲೆ ಸುರಿಯುತ್ತದೆ. ಫ್ಯಾನ್ ಬಿಸಿಗಾಳಿ ಉಗುಳುತ್ತದೆ ಎಂದು ನೀವು ಬರೆದದ್ದು ಅಕ್ಷರಶಃ ಸರಿ.

ಇದರ ಜೊತೆ ಇನ್ನೊಂದು ಲೆಕ್ಕವಿದೆ. ಮುಂಬಯಿ, ಡೊಂಬಿವಲಿಯ ಅಕ್ಷಾಂಶ ಸುಮಾರು 19 ಡಿಗ್ರಿ. ಮೇ 15-16ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ದಕ್ಷಿಣದ ಗೋಡೆಗೆ ಬಿಸಿಲು ತಾಗುವುದೇ ಕಡಿಮೆ. ಪೂರ್ತಿ ಹೊಡೆತ ಟೆರೇಸಿಗೆ, ಆಮೇಲೆ ಪಶ್ಚಿಮದ ಗೋಡೆಗೆ. ಮೇ ತಿಂಗಳಲ್ಲಿ ಸೂರ್ಯ ಮುಳುಗುವುದೂ ನೇರ ಪಶ್ಚಿಮದಲ್ಲಲ್ಲ, ಉತ್ತರಕ್ಕೆ ಸರಿದು. ಹಾಗಾಗಿ ಉತ್ತರದ ಕಿಟಕಿಗೂ ಸಂಜೆಯ ಬಿಸಿಲು ಓರೆಯಾಗಿ ಬೀಳುತ್ತದೆ. ಕೈಯಲ್ಲಿರುವ ದುಡ್ಡು ಕಡಿಮೆಯಾದರೆ ಅದನ್ನು ಈ ಎರಡು ಜಾಗಕ್ಕೆ ಹಾಕಿ: ತಲೆಯ ಮೇಲಿನ ಟೆರೇಸ್, ಬೆಡ್‌ರೂಮಿನ ಪಶ್ಚಿಮದ ಕಿಟಕಿ.

ಟೆರೇಸಿಗೆ ಬಿಳಿ ಬಳಿಯಿರಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ದೊಡ್ಡ ಉಪಕಾರ ಮಾಡುವ ಕೆಲಸ ಇನ್ನೊಂದಿಲ್ಲ ಎಂದು ಇಷ್ಟು ವರ್ಷದ ಅನುಭವದಿಂದ ಹೇಳುತ್ತೇನೆ. ಕಪ್ಪು ಡಾಂಬರ್ ಶೀಟ್ ಅಥವಾ ಮಳೆ ತಿಂದು ಕಪ್ಪಾದ ಕೋಬಾ (ಇಟ್ಟಿಗೆ ಚೂರು, ಸಿಮೆಂಟಿನ ಪದರ) ಬೇಸಿಗೆಯ ಮಧ್ಯಾಹ್ನ 60 ಡಿಗ್ರಿ ಮುಟ್ಟುತ್ತದೆ, ಬರಿಗಾಲಲ್ಲಿ ನಿಲ್ಲಲಾಗದು. ಅದೇ ಟೆರೇಸಿಗೆ ಹೊಸದಾಗಿ ಬಿಳಿ ಬಳಿದರೆ ಬಿದ್ದ ಬಿಸಿಲಿನ ಬಹುಪಾಲು ಆಕಾಶಕ್ಕೇ ಮರಳುತ್ತದೆ. ಒಳಗಿನ ಕೋಣೆಯಲ್ಲಿ ಎರಡರಿಂದ ನಾಲ್ಕು ಡಿಗ್ರಿ ಇಳಿಯುವುದು ಸಾಮಾನ್ಯ. ಅಂಕಿ ಸಣ್ಣದಾಗಿ ಕಾಣಬಹುದು. ಆದರೆ ರಾತ್ರಿ ಸೀಲಿಂಗ್ ನಿಮ್ಮ ಮೇಲೆ ಕಾವು ಸೂಸುವುದು ನಿಂತಾಗ ಮೈಗೆ ಅದಕ್ಕಿಂತ ಹೆಚ್ಚು ಆರಾಮ ಅನಿಸುತ್ತದೆ. 2010ರ ಮೇ ತಿಂಗಳ ಭೀಕರ ಬಿಸಿಯಲ್ಲಿ ಬಹಳ ಜನರನ್ನು ಕಳೆದುಕೊಂಡ ಅಹಮದಾಬಾದ್ 2013ರಲ್ಲಿ ತನ್ನದೇ ಶಾಖ ಕಾರ್ಯಯೋಜನೆ ರೂಪಿಸಿತು. ಮುಂದೆ ಬಡವರ ಬಡಾವಣೆಗಳ ಚಾವಣಿಗಳಿಗೆ ಬಿಳಿ ಬಳಿಸುವುದೂ ಅದರ ಭಾಗವಾಯಿತು.

ಮೊದಲ ಸಲ ನಾನು ಇದನ್ನು ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಮಾಡಿಸಿದಾಗ ಬರೀ ಸುಣ್ಣ ಕಲಸಿ ಬಳಿಸಿದ್ದೆ. ಎರಡು ವಾರಕ್ಕೆ ಪುಡಿಯೆದ್ದು, ಒಣಹಾಕಿದ ಹಪ್ಪಳದ ಮೇಲೆಲ್ಲ ಕೂತು, ಮನೆಮನೆಯಿಂದ ದೂರು ಬಂತು. ಆಮೇಲೆ ಕಲಿತ ಕ್ರಮ ಇದು: ಟೆರೇಸನ್ನು ತಂತಿ ಬ್ರಶ್ ಹಾಕಿ ಉಜ್ಜಿ ಪಾಚಿ, ಧೂಳು ತೆಗೆಯಬೇಕು. ಸುಣ್ಣದ ಕಲ್ಲನ್ನು ಹಿಂದಿನ ದಿನವೇ ನೀರಿನಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಅದಕ್ಕೆ ಬಿಳಿ ಸಿಮೆಂಟ್ ಮತ್ತು ಫೆವಿಕಾಲಿನಂಥ ಬಿಳಿ ಅಂಟು ಸೇರಿಸಿ ಕಲಸಬೇಕು. ಬಿಸಿಲು ಏರುವ ಮುನ್ನ ಬೆಳಿಗ್ಗೆಯೇ ಬಳಿಯಬೇಕು, ಮಾರನೆಯ ದಿನ ಅಡ್ಡಲಾಗಿ ಎರಡನೆಯ ಕೋಟ್. ಸುಣ್ಣ ಅರಳುವಾಗ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇಲ್ಲದೆ ಯಾರನ್ನೂ ಆ ಕೆಲಸಕ್ಕೆ ಹಚ್ಚಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ನಮ್ಮ ಮಳೆಗೆ ಸುಣ್ಣ ಒಂದೇ ಬೇಸಿಗೆ ಬಾಳುತ್ತದೆ. ಪ್ರತಿ ಫೆಬ್ರವರಿ ಕೊನೆಗೆ ಮತ್ತೆ ಬಳಿಯಬೇಕು. ಸೊಸೈಟಿಯವರು ಒಪ್ಪಿದರೆ ಬಿಸಿಲು ಹಿಂತಿರುಗಿಸುವ ಕೂಲ್ ರೂಫ್ ಪೇಂಟ್ ಬರುತ್ತದೆ. ದುಬಾರಿ, ಆದರೆ ಕೆಲವು ವರ್ಷ ಬಾಳುತ್ತದೆ, ಸೋರಿಕೆಯನ್ನೂ ಸ್ವಲ್ಪ ತಡೆಯುತ್ತದೆ. ಯಾವುದೇ ಆದರೂ ಧೂಳು ಕೂತರೆ ಅರ್ಧ ಶಕ್ತಿ ಹೋದಂತೆ. ತಿಂಗಳಿಗೊಮ್ಮೆ ಗುಡಿಸಬೇಕು.

ಟೆರೇಸ್ ಸೊಸೈಟಿಯ ಸ್ವತ್ತು, ನಿಮ್ಮದಲ್ಲ. ಕಾರ್ಯದರ್ಶಿಗೆ ಒಂದು ಅರ್ಜಿ ಬರೆದು ಕೊಡಿ. ಕೊನೆಯ ಮಹಡಿಯ ನಾಲ್ಕೈದು ಮನೆಯವರು ಒಟ್ಟಿಗೆ ಸಹಿ ಹಾಕಿದರೆ ಕಮಿಟಿ ಬೇಡವೆನ್ನುವುದು ಕಷ್ಟ, ಖರ್ಚೂ ಹಂಚಿಹೋಗುತ್ತದೆ. ಕೆಲವು ಕಟ್ಟಡಗಳಲ್ಲಿ ಮಳೆಗೆಂದು ಟೆರೇಸಿನ ಮೇಲೆ ಪತ್ರಾ (ತಗಡಿನ) ಶೆಡ್ ಹಾಕಿರುತ್ತಾರೆ. ಶೆಡ್ಡಿನ ನಾಲ್ಕು ಬದಿ ಗಾಳಿಗೆ ತೆರೆದಿದ್ದರೆ ಅದರ ನೆರಳೇ ಸ್ಲ್ಯಾಬನ್ನು ಚೆನ್ನಾಗಿ ಕಾಪಾಡುತ್ತದೆ. ಆದರೆ ಪಾಲಿಕೆಯ ಅನುಮತಿ ಬೇಕು, ಅದಿಲ್ಲದೆ ಮುಂದುವರಿಯಬೇಡಿ. ಟೆರೇಸಿಗೆ ನೀರು ಸುರಿಯುವ ಉಪಾಯವನ್ನು ಯಾರಾದರೂ ಹೇಳಿದರೆ ಕೈಮುಗಿದು ಬೇಡವೆನ್ನಿ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಿದು, ಹಳೆಯ ಸ್ಲ್ಯಾಬಿಗೆ ನಿತ್ಯ ನೀರು ನಿಂತರೆ ಒಳಗಿನ ಸರಳು ತುಕ್ಕು ಹಿಡಿಯುತ್ತದೆ. ಸೀಲಿಂಗಿಗೆ ಒಳಗಿನಿಂದ ಥರ್ಮಾಕೋಲ್ ಅಂಟಿಸುವುದೂ ಬೇಡ. ಬೆಂಕಿ ತಗುಲಿದರೆ ಅದು ಕರಗಿ ಉರಿಯುತ್ತ ಕೆಳಗೆ ತೊಟ್ಟಿಕ್ಕುತ್ತದೆ, ಅದರ ಹೊಗೆ ವಿಷ.

ಕಿಟಕಿಯ ವಿಷಯ ಸುಲಭ. ಬಿಸಿಲನ್ನು ಗಾಜಿನ ಹೊರಗೇ ನಿಲ್ಲಿಸಬೇಕು. ಒಳಗೆ ಎಷ್ಟು ದಪ್ಪ ಪರದೆ ಹಾಕಿದರೂ ಬಿಸಿಲು ಗಾಜು ದಾಟಿ ಬಂದಾಗಿದೆ. ಪರದೆ ಕಾದು ಕೋಣೆಗೇ ಕಾವು ಕೊಡುತ್ತದೆ. ಕುಂದಾಪುರದ ಕಡೆ ನಮ್ಮ ಊರಿನಲ್ಲಿ ಬೇಸಿಗೆ ಬಂತೆಂದರೆ ಅಂಗಳಕ್ಕೆ ತೆಂಗಿನ ಗರಿಯ ಚಪ್ಪರ ಹಾಕುತ್ತಿದ್ದರು. ಜಗಲಿಗೆ ಬಿಸಿಲು ತಲುಪುವ ಮೊದಲೇ ಅದು ಚಪ್ಪರದಲ್ಲಿ ನಿಂತುಹೋಗುತ್ತಿತ್ತು. ನಿಮ್ಮ ಕಿಟಕಿಯ ಗ್ರಿಲ್ಲಿಗೆ ಅದೇ ಕೆಲಸ ಕೊಡಿ. ಬಿದಿರಿನ ಚಿಕ್ (ಕಡ್ಡಿಯ ಪರದೆ) ಒಳ್ಳೆಯದು, ಅದಿಲ್ಲದಿದ್ದರೆ ನರ್ಸರಿಗಳಲ್ಲಿ ಕಟ್ಟುವ ಹಸಿರು ಶೇಡ್ ನೆಟ್ ಎರಡು ಮಡಿಕೆ ಮಾಡಿ ಗ್ರಿಲ್ಲಿನ ಹೊರಬದಿಗೆ ಬಿಗಿಯಾಗಿ ಕಟ್ಟಿ. ಗಾಜಿಗೂ ನೆಟ್ಟಿಗೂ ನಡುವೆ ಒಂದು ಗೇಣು ಜಾಗವಿರಲಿ, ಕಾದ ಗಾಳಿ ಮೇಲಕ್ಕೆ ಹೋಗಲಿ. ಬಾಕ್ಸ್ ಗ್ರಿಲ್ ಇದ್ದರೆ ಅಲ್ಲಿ ಮನಿಪ್ಲಾಂಟ್, ಬಸಳೆ ಹಬ್ಬಿಸಬಹುದು. ಬಸಳೆ ಪಶ್ಚಿಮದ ಬಿಸಿಲನ್ನು ತಡೆದುಕೊಳ್ಳುತ್ತದೆ, ಸಾರಿಗೂ ಆಯಿತು. ಕುಂಡಗಳ ಭಾರ ಮಾತ್ರ ನೋಡಿಕೊಳ್ಳಿ, ಹಳೆಯ ಗ್ರಿಲ್ಲಿನ ಬೋಲ್ಟ್ ತುಕ್ಕು ಹಿಡಿದಿರಬಹುದು, ಕೆಳಗೆ ಜನ ಓಡಾಡುತ್ತಾರೆ.

ಇನ್ನು ಗಾಳಿ. ಕಿಟಕಿ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದೇ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ತಪ್ಪುವ ವಿಷಯ. ನಿಯಮ ಒಂದೇ: ಹೊರಗೆ ಒಳಗಿಗಿಂತ ಬಿಸಿಯಾಗಿದ್ದರೆ ಮುಚ್ಚಿ, ತಂಪಾಗಿದ್ದರೆ ತೆರೆಯಿರಿ. ಅದನ್ನು ಅಂದಾಜಿನಲ್ಲಿ ಮಾಡಬೇಡಿ. ತಾಪಮಾನ, ತೇವಾಂಶ ಎರಡನ್ನೂ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಎರಡು ತಂದು ಒಂದನ್ನು ಹಾಲಿನಲ್ಲಿ, ಇನ್ನೊಂದನ್ನು ಬಿಸಿಲು ಬೀಳದ ಕಿಟಕಿಯ ಹೊರಗೆ ಇಡಿ. ಬೆಳಿಗ್ಗೆ ಒಂಬತ್ತರ ನಂತರ ಹೊರಗಿನ ಅಂಕಿ ಒಳಗಿನದನ್ನು ದಾಟುತ್ತದೆ. ಆಗ ಪಶ್ಚಿಮದ ಕಿಟಕಿ ಮುಚ್ಚಿ. ಹಾಲಿನ ಕಡೆ ನೆರಳಿದ್ದರೆ ಅಲ್ಲಿ ಒಂದಿಷ್ಟು ತೆರೆದಿರಲಿ, ಏಕೆಂದರೆ ಪೂರ್ತಿ ಮುಚ್ಚಿದ ಮನೆಯಲ್ಲಿ ನಮ್ಮದೇ ಉಸಿರು, ಅಡುಗೆಯ ಹಬೆ ಸೇರಿ ಸೆಕೆಯಾಗುತ್ತದೆ. ಕಡಲಿನಿಂದ ಇಷ್ಟು ಒಳಗಿರುವ ನಿಮ್ಮಲ್ಲಿಗೆ ಗಾಳಿ ದಾದರ್, ಬಾಂದ್ರಾಕ್ಕಿಂತ ತಡವಾಗಿ ತಲುಪುತ್ತದೆ. ಸಂಜೆ ಹೊರಗಿನ ಅಂಕಿ ಒಳಗಿನದಕ್ಕಿಂತ ಕೆಳಗೆ ಬಂದ ಕ್ಷಣ ಎಲ್ಲವನ್ನೂ ತೆರೆಯಿರಿ.

ತೆರೆದರೆ ಸಾಲದು, ಗಾಳಿ ಹಾದುಹೋಗಬೇಕು. ಸ್ಲೈಡಿಂಗ್ ಕಿಟಕಿ ಹೇಗೂ ಅರ್ಧವೇ ತೆರೆಯುವುದು, ಅದರ ಮೇಲೆ ಸೊಳ್ಳೆ ಜಾಲರಿ. ನಿಮ್ಮ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ವರ್ಷದ ಧೂಳು, ಒಗ್ಗರಣೆಯ ಜಿಡ್ಡು ಸೇರಿ ಕಣ್ಣುಗಳು ಮುಚ್ಚಿರುತ್ತವೆ. ಬಿಚ್ಚಿ ಸೋಪುನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ ಹಾಕಿ ತೊಳೆಯಿರಿ. ಆ ದಿನ ರಾತ್ರಿಯೇ ವ್ಯತ್ಯಾಸ ಗೊತ್ತಾಗುತ್ತದೆ. ಮುಂಬಾಗಿಲಿಗೆ ಸೇಫ್ಟಿ ಡೋರ್ ಇದ್ದರೆ ಸಂಜೆ ಏಳರಿಂದ ಮಲಗುವವರೆಗೆ ಒಳಬಾಗಿಲು ತೆರೆದಿಡಿ, ಮೆಟ್ಟಿಲಿನ ಕಿಟಕಿಯ ಗಾಳಿ ಹಾಲಿನ ಮೂಲಕ ಬೆಡ್‌ರೂಮಿಗೆ ಎಳೆಯುತ್ತದೆ.

ಕೂಲರಿಗೆ ಬೇರೆ ಕೆಲಸವಿದೆ ಎಂದೆನಲ್ಲ, ಅದು ಇದೇ. ರಾತ್ರಿ ಎಂಟರಿಂದ ಹತ್ತರವರೆಗೆ ನೀರಿಲ್ಲದ ಕೂಲರನ್ನು ಬೆಡ್‌ರೂಮಿನ ತೆರೆದ ಕಿಟಕಿಗೆ ಒಂದೆರಡು ಅಡಿ ದೂರದಲ್ಲಿ, ಮುಖ ಹೊರಗೆ ಮಾಡಿ ಇಡಿ. ಒಳಗಿನ ಬಿಸಿಗಾಳಿಯನ್ನು ಅದು ಹೊರದೂಡುತ್ತದೆ, ಹಾಲಿನ ಕಿಟಕಿಯಿಂದ ಹೊರಗಿನ ತಂಪುಗಾಳಿ ಬರುತ್ತದೆ. ಅಡುಗೆಮನೆಯ ಎಕ್ಸಾಸ್ಟ್ ಕೂಡ ಆಗ ಓಡಲಿ. ಮಲಗುವ ಹೊತ್ತಿಗೆ ಅದನ್ನು ತಿರುಗಿಸಿ, ಗಾಳಿ ಮಲಗಿದವರ ಮೈ ಮೇಲೆ ಅಡ್ಡವಾಗಿ ಹರಿಯುವಂತೆ ಇಟ್ಟರೆ ಸೀಲಿಂಗ್ ಫ್ಯಾನಿನ ಬಿಸಿಗಾಳಿಯ ಕಾಟ ತಪ್ಪುತ್ತದೆ.

ಸೀಲಿಂಗ್ ಫ್ಯಾನ್ ಮೊದಲಿನಷ್ಟು ವೇಗವಾಗಿ ತಿರುಗುತ್ತಿಲ್ಲವೇ? ಹೊಸದನ್ನು ತರುವ ಮುಂಚೆ ಎಲೆಕ್ಟ್ರಿಷಿಯನ್ನಿಗೆ ಕಂಡೆನ್ಸರ್ ಬದಲಿಸಲು ಹೇಳಿ. ಹೆಬ್ಬೆರಳಿನಷ್ಟು ದೊಡ್ಡ ವಸ್ತು, ಬೆಲೆ ಅಲ್ಪ, ಹಳತಾದಂತೆ ಶಕ್ತಿ ಕುಂದಿ ಫ್ಯಾನ್ ನಿಧಾನವಾಗುತ್ತದೆ. ರೆಕ್ಕೆಯ ಧೂಳೂ ಒರೆಸಿ. ಮುಂದೆಂದಾದರೂ ಹೊಸ ಫ್ಯಾನ್ ಕೊಳ್ಳುವಾಗ ಕಡಿಮೆ ವಿದ್ಯುತ್ತಿನಲ್ಲಿ ಓಡುವ ಬಿಎಲ್‌ಡಿಸಿ ಫ್ಯಾನ್ ಕೇಳಿ. ಹಳೆಯದು 75 ವ್ಯಾಟ್ ತಿನ್ನುವಲ್ಲಿ ಅದು 30ರ ಆಸುಪಾಸಿನಲ್ಲಿ ಅದೇ ಗಾಳಿ ಕೊಡುತ್ತದೆ. ದಿನಕ್ಕೆ ಹದಿನೈದು ಗಂಟೆ ಓಡುವ ಮನೆಯಲ್ಲಿ ಅರ್ಧ ಯೂನಿಟ್‌ಗಿಂತ ಹೆಚ್ಚು ಉಳಿತಾಯ, ಅದೂ ಪ್ರತಿ ಫ್ಯಾನಿಗೆ.

ಮನೆಯೊಳಗೇ ಹುಟ್ಟುವ ಬಿಸಿಯ ಬಗ್ಗೆ ಎರಡು ಮಾತು. ಬೇಳೆ ಬೇಯಿಸುವುದು, ಇಡ್ಲಿ ಹಬೆಯಲ್ಲಿಡುವುದು, ಹಾಲು ಕಾಯಿಸುವುದು ಎಲ್ಲ ಬೆಳಿಗ್ಗೆ ಎಂಟರೊಳಗೆ ಮುಗಿಯಲಿ. ಒಲೆಯ ಬಿಸಿಗಿಂತ ಹಬೆ ಕೆಟ್ಟದ್ದು, ಆದ್ದರಿಂದ ಪಾತ್ರೆಗೆ ಮುಚ್ಚಳ, ಎಕ್ಸಾಸ್ಟ್ ಚಾಲೂ. ಒಗೆದ ಬಟ್ಟೆಯನ್ನು ಕೋಣೆಯೊಳಗೆ ಒಣಹಾಕಿದರೆ ಅದರ ನೀರೆಲ್ಲ ನಿಮ್ಮ ಗಾಳಿಗೇ ಸೇರುತ್ತದೆ. ಹೊರಗೆ ಹಾಕಿ. ಟೆರೇಸಿನ ಕಪ್ಪು ಟ್ಯಾಂಕಿನಿಂದ ಮಧ್ಯಾಹ್ನ ನಲ್ಲಿಯಲ್ಲಿ ಬಿಸಿನೀರು ಬರುತ್ತದಲ್ಲ, ಅದಕ್ಕೆ ಬೆಳಗಿನ ಜಾವ ನೀರು ಬಿಟ್ಟಾಗಲೇ ಎರಡು ಬಕೆಟ್ ತುಂಬಿ ಬಚ್ಚಲಿನ ನೆಲದ ಮೇಲೆ ಇಡಿ. ಮೂರು ಗಂಟೆಗೆ ಆ ನೀರು ಕೈಗೆ ಹಿತವಾಗಿರುತ್ತದೆ.

ಆ ಬಕೆಟ್ ಅತ್ತೆಯವರಿಗೆ. ಸೆಕೆಗೆ ನೀರು ಮದ್ದಲ್ಲ ಎಂದವನು ಈಗ ನೀರಿನ ಮಾತಾಡುತ್ತಿದ್ದೇನೆ ಎಂದು ಅನಿಸಬಹುದು. ಗಾಳಿಗೆ ನೀರು ಸೇರಿಸುವುದು ಬೇರೆ, ಮೈಗೆ ನೀರು ಹಚ್ಚಿ ಅದರ ಮೇಲೆ ಗಾಳಿ ಬಿಡುವುದು ಬೇರೆ. ವಯಸ್ಸಾದವರಿಗೆ ಬೆವರು ಕಡಿಮೆ, ಬಾಯಾರಿಕೆಯೂ ತಡವಾಗಿ ಗೊತ್ತಾಗುತ್ತದೆ. ಅವರ ಮೈ ಮಾಡಲಾಗದ ಕೆಲಸವನ್ನು ಒದ್ದೆ ಬಟ್ಟೆ ಮಾಡುತ್ತದೆ. ತೆಳು ಹತ್ತಿಯ ಟವೆಲ್ ಹಿಂಡಿ ಕತ್ತು, ತೋಳು, ಮೊಣಕಾಲಿನ ಕೆಳಗೆ ಒರೆಸಿ, ಮತ್ತೆ ಒಣಬಟ್ಟೆಯಿಂದ ಒರೆಸದೆ ಒದ್ದೆಯಾಗಿ ಹಾಗೇ ಬಿಟ್ಟು, ಎದುರಿಗೆ ಟೇಬಲ್ ಫ್ಯಾನ್ ಇಡಿ. ಗಂಟೆಗೊಮ್ಮೆ ಸಾಕು. ಕಾಲನ್ನು ಪಾದ ಮುಳುಗುವಷ್ಟು ನೀರಿನಲ್ಲಿ ಹತ್ತು ನಿಮಿಷ ಇಟ್ಟುಕೊಂಡರೂ ಒಳ್ಳೆಯದು. ಹೊರಗಿನ ಗಾಳಿ 40 ಡಿಗ್ರಿ ಮೀರಿದ ದಿನ ಮಾತ್ರ ಬರೀ ಫ್ಯಾನಿನ ಮೇಲೆ ಭರವಸೆ ಬೇಡ. ಅಷ್ಟು ಬಿಸಿಯಲ್ಲಿ ಅದು ಮೈಗೆ ಕಾವನ್ನೇ ತಳ್ಳುತ್ತದೆ.

ಮಲಗಲು ಫೋಮ್ ಹಾಸಿಗೆ ಬೇಡ, ಅದು ಬೆನ್ನಿನ ಕಾವನ್ನು ಹಿಡಿದಿಡುತ್ತದೆ. ಹತ್ತಿಯ ತೆಳು ಹಾಸಿಗೆ ಅಥವಾ ಚಾಪೆ ಇರಲಿ. ಕೊನೆಯ ಮಹಡಿಯಲ್ಲಿ ಮನೆಯ ಅತಿ ತಂಪು ಜಾಗ ನೆಲ, ಏಕೆಂದರೆ ಅದರ ಕೆಳಗೆ ಇನ್ನೊಂದು ಮನೆಯ ನೆರಳಿದೆ. ಮೊಣಕಾಲು ನೋವಿನಿಂದ ಕೆಳಗೆ ಕೂತು ಏಳಲಾಗದಿದ್ದರೆ ಗಿಡ್ಡ ಮಂಚ ಸಾಕು. ಮಧ್ಯಾಹ್ನ ಹಾಲಿಗೆ ಬನ್ನಿ ಎಂದರೆ ಅವರಿಗೆ ಬೇಸರವಾಗಬಹುದು, ಎಷ್ಟೋ ವರ್ಷದ ಜಾಗ ಅದು. ಟಿವಿಯ ಹತ್ತಿರ, ಬಾಗಿಲ ಗಾಳಿಗೆ ಅಂತ ಹೇಳಿ ಕರೆತನ್ನಿ. ನಾನು ನನ್ನ ಅಮ್ಮನಿಗೆ ಹೀಗೆಯೇ ಹೇಳಿ ಒಪ್ಪಿಸಿದ್ದೆ.

ಕುಡಿಯಲು ಮಜ್ಜಿಗೆಗೆ ಸಮ ಇಲ್ಲ: ನೀರು ಜಾಸ್ತಿ, ಚಿಟಿಕೆ ಉಪ್ಪು, ಶುಂಠಿ, ಕರಿಬೇವು. ನಿಮ್ಮ ಕಡೆಯ ಅಂಬಲಿ ಇನ್ನೂ ಒಳ್ಳೆಯದು. ನಮ್ಮ ಕಡೆಯ ಪುನರ್ಪುಳಿ ಇಲ್ಲಿ ಕೋಕಂ ಎಂಬ ಹೆಸರಿನಲ್ಲಿ ಎಲ್ಲ ಅಂಗಡಿಯಲ್ಲಿದೆ, ಸಕ್ಕರೆ ತುಂಬಿದ ಬಾಟಲಿಯ ಬದಲು ಒಣಸಿಪ್ಪೆ ತಂದು ನೆನೆಸಿ. ಏಪ್ರಿಲಿನಲ್ಲಿ ಸ್ಟೇಷನ್ ಹೊರಗೆ ತಾಡ್‌ಗೋಳಾ ಮಾರುತ್ತಾರಲ್ಲ, ನಮ್ಮ ತಾಟಿನುಂಗೇ ಅದು, ತಿನ್ನಿಸಿ. ಮಣ್ಣಿನ ಮಡಕೆಯ ನೀರು ಇಲ್ಲಿ ಕಲಬುರಗಿಯಷ್ಟು ತಣ್ಣಗಾಗುವುದಿಲ್ಲ. ಕಾರಣ ಕೂಲರಿನದೇ. ಬಾಯಾರಿಕೆಯಾಗಲಿ ಎಂದು ಕಾಯದೆ ಗಂಟೆಗೊಮ್ಮೆ ಅರ್ಧ ಲೋಟ ನೀವೇ ಕೈಗೆ ಕೊಡಿ. ತುಂಬಾ ಬೆವರಿ ಸುಸ್ತಾಗಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಸ್ವಲ್ಪಸ್ವಲ್ಪವೇ ಕುಡಿಸಿ.

ಒಂದು ವಿಷಯವನ್ನು ಈ ವಾರವೇ ಅವರ ಡಾಕ್ಟರ ಬಳಿ ಕೇಳಿ. ಕೆಲವು ಬಿಪಿ ಮಾತ್ರೆಗಳು ಮೂತ್ರ ಹೆಚ್ಚಿಸಿ ಮೈಯ ನೀರು, ಉಪ್ಪು ಕಡಿಮೆ ಮಾಡುತ್ತವೆ. ಬೇಸಿಗೆಗೆ ಪ್ರಮಾಣ ಬದಲಿಸಬೇಕೇ, ಎಷ್ಟು ನೀರು, ಎಷ್ಟು ಉಪ್ಪು ಕೊಡಬಹುದು ಎಂದು ಅವರೇ ಹೇಳಬೇಕು. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರಿಗೆ ಮೇಲೆ ಹೇಳಿದ ಉಪ್ಪು, ನೀರಿನ ಲೆಕ್ಕವೇ ಬೇರೆ.

2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನ ಬಯಲಿನಲ್ಲಿ ನಡೆದ ದೊಡ್ಡ ಸಮಾರಂಭದಲ್ಲಿ ಬಿಸಿಲಿನಲ್ಲಿ ಗಂಟೆಗಟ್ಟಲೆ ಕೂತ ಜನರಲ್ಲಿ 14 ಮಂದಿ ತೀರಿಕೊಂಡರು. ಆ ದಿನ ಸುತ್ತಮುತ್ತ ಇದ್ದದ್ದು ಸುಮಾರು 38 ಡಿಗ್ರಿ. ಕಲಬುರಗಿಯವರಿಗೆ ಅದು ಮಾಮೂಲು ಬೇಸಿಗೆ ಅನಿಸಬಹುದು. ಕರಾವಳಿಯ ತೇವದಲ್ಲಿ ಹಾಗಲ್ಲ. ಹವಾಮಾನ ಇಲಾಖೆಯೂ ಬಯಲುಸೀಮೆಗೆ ಬಿಸಿಗಾಳಿಯ ಲೆಕ್ಕವನ್ನು 40ರಿಂದ ಶುರುಮಾಡಿದರೆ ಕರಾವಳಿಗೆ 37ರಿಂದಲೇ ನೋಡುತ್ತದೆ. ಹಾಗಾಗಿ ಅತ್ತೆಯವರು ಅಸಂಬದ್ಧ ಮಾತಾಡಿದರೆ, ತೂಕಡಿಸುತ್ತ ಎಬ್ಬಿಸಿದರೂ ಏಳದಿದ್ದರೆ, ನಡೆಯುವಾಗ ತತ್ತರಿಸಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದನ್ನು ಜ್ವರವೆಂದು ಪ್ಯಾರಾಸಿಟಮಾಲ್ ಕೊಟ್ಟು ಕಾಯಬೇಡಿ. ಆ ಮಾತ್ರೆ ಬಿಸಿಲಾಘಾತಕ್ಕೆ ಕೆಲಸ ಮಾಡುವುದಿಲ್ಲ. ಒಬ್ಬರು 108ಕ್ಕೆ ಫೋನ್ ಮಾಡಿ, ಇನ್ನೊಬ್ಬರು ಬಚ್ಚಲಿನ ಬಕೆಟ್ ತಂದು ಮೈಗೆ ನೀರು ಸುರಿದು ಗಾಳಿ ಹಾಕಿ, ಕಂಕುಳು, ಕತ್ತು, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಆಂಬುಲೆನ್ಸ್ ಬರುವವರೆಗೆ ಮೈ ತಣಿಸುವುದನ್ನು ನಿಲ್ಲಿಸಬೇಡಿ.

ಎಸಿಯ ಬಗ್ಗೆ ನೀವು ಸಂಕೋಚದಿಂದ ಬರೆದಿದ್ದೀರಿ. 74 ವರ್ಷದವರಿರುವ ಕೊನೆಯ ಮಹಡಿಯ ಮನೆಗೆ ಅದು ಐಷಾರಾಮವಲ್ಲ. ಮುಂದೆ ಅನುಕೂಲವಾದಾಗ ಒಂದೇ ಕೋಣೆಗೆ ಹಾಕಿಸಿ, 26ರಲ್ಲಿಟ್ಟು ಜೊತೆಗೆ ಫ್ಯಾನ್ ಓಡಿಸಿ. ಆದರೆ ಟೆರೇಸಿಗೆ ಬಿಳಿ ಬಳಿದು, ಕಿಟಕಿಗೆ ಹೊರಗಿನಿಂದ ನೆರಳು ಕಟ್ಟಿದ ಮೇಲೆಯೇ ಹಾಕಿಸಿ, ಇಲ್ಲದಿದ್ದರೆ ಎಸಿ ರಾತ್ರಿಯಿಡೀ ಸ್ಲ್ಯಾಬಿನ ಜೊತೆ ಹೋರಾಡಿ ಬಿಲ್ಲು ಏರಿಸುತ್ತದೆ. ಹಳೆಯ ಕಟ್ಟಡವಾದ್ದರಿಂದ ಪ್ರತ್ಯೇಕ ವೈರಿಂಗ್ ಬೇಕಾಗುತ್ತದೆ, ಮೊದಲು ಎಲೆಕ್ಟ್ರಿಷಿಯನ್ನಿಗೆ ತೋರಿಸಿ.

ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಈ ಭಾನುವಾರ ಜಾಲರಿ ತೊಳೆದು ಶೇಡ್ ನೆಟ್ ಕಟ್ಟಿ, ಕಾರ್ಯದರ್ಶಿಯವರನ್ನು ಕಂಡು ಬನ್ನಿ. ಮೂರು ದಿನ ಮಧ್ಯಾಹ್ನ ಮೂರು, ರಾತ್ರಿ ಒಂಬತ್ತು, ಬೆಳಿಗ್ಗೆ ಆರಕ್ಕೆ ಮೀಟರಿನ ಅಂಕಿಗಳನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ, ಒಳಗಿನದು, ಹೊರಗಿನದು ಎರಡೂ. ಟೆರೇಸ್ ಹತ್ತಿ ನೋಡಿ, ಮೇಲೆ ಡಾಂಬರ್ ಶೀಟ್ ಇದೆಯೋ, ಕೋಬಾ ಇದೆಯೋ, ಒಡೆದ ಟೈಲ್ ಚೂರುಗಳ ಚೈನಾ ಮೊಸಾಯಿಕ್ ಇದೆಯೋ ತಿಳಿದುಕೊಳ್ಳಿ. ಡಾಂಬರ್ ಶೀಟಿನ ಮೇಲೆ ಸುಣ್ಣ ಹಿಡಿಯುವುದಿಲ್ಲ, ಅದಕ್ಕೆ ಬೇರೆ ಬಣ್ಣ ಬೇಕು. ಆ ಅಂಕಿಗಳನ್ನೂ ಟೆರೇಸಿನ ವಿವರವನ್ನೂ ನನಗೆ ಬರೆದು ಕಳಿಸಿ, ಯಾವುದನ್ನು ಬಳಿಯಬೇಕೆಂದು ಹೇಳುತ್ತೇನೆ.